ಮನವಿ ಪತ್ರ: ಹೊಗೆ, ಪ್ಲಾಸ್ಟಿಕ್, ಸಿಮೆಂಟ್ ಇಲ್ಲದೆ ನಮ್ಮವರನ್ನು ಕಳಿಸಿಕೊಡಲು ಬಿಡಿ

ಇವರಿಗೆ,
ಮಾನ್ಯ ಆಯುಕ್ತರು, ನಗರ ಪಾಲಿಕೆ, ಬೆಂಗಳೂರು

ಇಂದ,
ಕೆರೆ ಏರಿ ಪಕ್ಕದ ರುದ್ರಭೂಮಿಯ ಸುತ್ತಲಿನ ಬಡಾವಣೆಗಳ ನಿವಾಸಿಗಳು

ವಿಷಯ: ಕೆಟ್ಟು ನಿಂತ ವಿದ್ಯುತ್ ಚಿತಾಗಾರ ಸರಿಪಡಿಸುವುದು, ಸಿಮೆಂಟ್ ಇಲ್ಲದ ಮಣ್ಣಿನ ಸಮಾಧಿಗೆ ಜಾಗ ಬಿಡುವುದು ಮತ್ತು ಇದೇ ವಿಷಯದ ಹಳೆಯ ಅರ್ಜಿಗಳು ಎಲ್ಲಿಗೆ ಹೋದವು ಎಂದು ತಿಳಿಸುವ ಬಗ್ಗೆ.

ಮಾನ್ಯರೇ,

ನಮಸ್ಕಾರ. ‘ತಮ್ಮ ಅಮೂಲ್ಯ ಸಮಯ’ ಅಂತೆಲ್ಲ ಹಿಂದಿನ ಅರ್ಜಿಗಳಲ್ಲಿ ಬರೆದಾಗಿದೆ. ಈ ಸಲ ನೇರವಾಗಿ ವಿಷಯಕ್ಕೆ ಬರುತ್ತೇವೆ.

ನಮ್ಮ ಚಿತಾಗಾರದ ಬಾಗಿಲಲ್ಲಿ ಒಂದು ಕಪ್ಪು ಹಲಗೆ ಇದೆ. ‘ದುರಸ್ತಿ ನಡೆಯುತ್ತಿದೆ, ಈ ತಾರೀಖಿನಿಂದ ಲಭ್ಯ’ ಅಂತ ಬಿಳಿ ಪೇಂಟಿನಲ್ಲಿ ಬರೆಸಿದ್ದಾರೆ. ತಾರೀಖು ಮಾತ್ರ ಸೀಮೆಸುಣ್ಣದಲ್ಲಿ. ಒರೆಸಿ ಬರೆದು, ಒರೆಸಿ ಬರೆದು ಆ ಜಾಗವೇ ಬೆಳ್ಳಗಾಗಿದೆ. ಈಗ ತಾರೀಖು ಹಾಕುವುದನ್ನೂ ಬಿಟ್ಟಿದ್ದಾರೆ. ದುರಸ್ತಿ ಶಾಶ್ವತ, ತಾರೀಖು ತಾತ್ಕಾಲಿಕ ಅಂತ ಬರೆಸಿದವರಿಗೆ ಮೊದಲೇ ಗೊತ್ತಿತ್ತೇನೋ.

ಕುಲುಮೆಯ ಹೀಟಿಂಗ್ ಕಾಯಿಲ್ ಸುಟ್ಟುಹೋದದ್ದು 2025ರ ಮಳೆಗಾಲಕ್ಕೆ ಮುಂಚೆ. ವಾರ್ಡ್ ಕಚೇರಿಗೆ ಅರ್ಜಿ ಕೊಟ್ಟೆವು. ‘ಇದು ಎಲೆಕ್ಟ್ರಿಕಲ್‌ನವರದ್ದು’ ಅಂದರು. ಎಲೆಕ್ಟ್ರಿಕಲ್‌ನವರು ‘ಸ್ಮಶಾನ ಆರೋಗ್ಯ ವಿಭಾಗಕ್ಕೆ ಬರುತ್ತೆ’ ಅಂದರು. ಆರೋಗ್ಯ ವಿಭಾಗದವರು ‘ನಾವು ಮರಣ ಪ್ರಮಾಣಪತ್ರ ಕೊಡ್ತೀವಿ, ಕುಲುಮೆ ನಮ್ಮದಲ್ಲ’ ಅಂತ ಕೈ ತೊಳೆದುಕೊಂಡರು. ಆಮೇಲೆ ಆ್ಯಪ್‌ನಲ್ಲಿ ದೂರು ಹಾಕಿದೆವು. ‘ನಿಮ್ಮ ದೂರು ಪರಿಹಾರವಾಗಿದೆ’ ಅಂತ ಮೆಸೇಜ್ ಬಂತು, ಜೊತೆಗೆ ಒಂದು ಫೋಟೋ. ಫೋಟೋದಲ್ಲಿ ಹೊಸದಾಗಿ ಬಣ್ಣ ಬಳಿದ ಗೇಟು! ಗೇಟಿನ ಬಗ್ಗೆ ನಾವು ಯಾವತ್ತೂ ದೂರಿರಲಿಲ್ಲ. ಅದೇ ದೂರನ್ನು ಮತ್ತೆ ಹಾಕಿದರೆ ‘ಒಮ್ಮೆ ಪರಿಹರಿಸಿದ ದೂರು’ ಅಂತ ಮುಚ್ಚಿದರು.

ಅಷ್ಟರಲ್ಲಿ ಸೆಪ್ಟೆಂಬರ್ ಬಂತು, ಊರು ಐದು ಪಾಲಿಕೆಗಳಾಯಿತು. ಅಲ್ಲಿಂದ ನಮ್ಮ ಫೈಲ್ ತಿರುಗಾಡಲು ಶುರುವಾಯಿತು. ಹಳೆ ಕಚೇರಿಯವರು ‘ಹೊಸಬರಿಗೆ ಕಳಿಸಿದ್ದೀವಿ’ ಅಂತಾರೆ, ಹೊಸಬರು ‘ಬಂದಿಲ್ಲ’ ಅಂತಾರೆ. ಮಾಹಿತಿ ಹಕ್ಕಿನಲ್ಲಿ ಕೇಳಿದೆವು. 30 ದಿನದೊಳಗೆ ಉತ್ತರ ಕೊಡಬೇಕು ಅಂತ 2005ರ ಕಾಯ್ದೆ ಹೇಳುತ್ತದೆ. ಗಡುವು ಕಳೆದು ಎಷ್ಟೋ ದಿನದ ಮೇಲೆ ಬಂದದ್ದು ಒಂದೇ ಸಾಲು: ‘ಕೋರಿದ ಮಾಹಿತಿ ಕಡತದಲ್ಲಿ ಲಭ್ಯವಿರುವುದಿಲ್ಲ.’ ಮೇಲ್ಮನವಿಗೆ ಅದೂ ಇಲ್ಲ. ನಡುವೆ ಒಬ್ಬ ಎಂಜಿನಿಯರ್ ಬಂದು ಟೇಪ್ ಹಿಡಿದು ಅಳೆದುಕೊಂಡು ಹೋದರು. ಏನು ಅಳೆದರು ಅಂತ ಅಲ್ಲಿ ಕೆಲಸ ಮಾಡುವವರಿಗೂ ಗೊತ್ತಿಲ್ಲ.

ಇದರ ಪರಿಣಾಮ ಏನು ಅಂತ ಹೇಳುತ್ತೇವೆ, ಕೇಳಿ. ನಮ್ಮ ಬಡಾವಣೆಯ ಒಬ್ಬರು ನಿವೃತ್ತ ಮೇಷ್ಟ್ರು ತಮ್ಮ ಅಂತ್ಯಕ್ರಿಯೆ ಹೇಗಾಗಬೇಕು ಅಂತ ಬದುಕಿದ್ದಾಗಲೇ ಬರೆದಿಟ್ಟಿದ್ದರು. ಸೌದೆ ಬೇಡ, ಕರೆಂಟಿನಲ್ಲಿ ಸುಡಿ. ಮೈಮೇಲೆ ಹತ್ತಿ ಪಂಚೆ ಸಾಕು. ಫ್ಲೆಕ್ಸ್ ಹಾಕಬೇಡಿ. ಬೂದಿಯನ್ನು ಹೊಂಗೆ ಗಿಡಕ್ಕೆ ಹಾಕಿ. ಆನ್‌ಲೈನ್‌ನಲ್ಲಿ ನೋಡಿದರೆ ಮಧ್ಯಾಹ್ನದ ಸ್ಲಾಟ್ ಖಾಲಿ ಇತ್ತು, ಬುಕ್ ಕೂಡ ಆಯಿತು. ಇಲ್ಲಿಗೆ ಬಂದರೆ ಕುಲುಮೆ ತಣ್ಣಗೆ ಕೂತಿದೆ. ಬೇರೆ ಚಿತಾಗಾರಕ್ಕೆ ಫೋನ್ ಮಾಡಿದರೆ ಸಂಜೆಯವರೆಗೆ ಸಾಲು. ಮಳೆ ಬೇರೆ. ಕೊನೆಗೆ ಮಕ್ಕಳು ಸೌದೆಗೆ ದುಡ್ಡು ಕೊಟ್ಟರು. ಒಂದು ಚಿತೆಗೆ ಸುಮಾರು 400ರಿಂದ 500 ಕೆಜಿ ಸೌದೆ ಬೇಕು. ಬಂದದ್ದು ಹಸಿ ಸೌದೆ, ಹೊತ್ತಿಕೊಳ್ಳಲಿಲ್ಲ. ಡೀಸೆಲ್ ಸುರಿದು, ಅಡಿಗೆ ಹಳೆ ಟೈರಿನ ತುಂಡು ಇಟ್ಟರು. ಜೀವನವಿಡೀ ಬಟ್ಟೆ ಚೀಲ ಹಿಡಿದು ಅಂಗಡಿಗೆ ಹೋಗುತ್ತಿದ್ದ ಮನುಷ್ಯನನ್ನು ನೀವು ಟೈರಿನ ಹೊಗೆಯಲ್ಲಿ ಕಳಿಸಿದಿರಿ. ದೇವರು ವರ ಕೊಟ್ಟರೂ ಪೂಜಾರಿ ಕೊಡಲಿಲ್ಲ ಅನ್ನುವ ಗಾದೆ ನೆನಪಾಗುತ್ತದೆ.

ಕಾಯಿಲ್ ಒಂದನ್ನು ತಂದು ಹಾಕಿ ಫೋಟೋ ತೆಗೆದುಕೊಂಡು ಹೋದರೆ ಕೆಲಸ ಮುಗಿಯುವುದಿಲ್ಲ. ಈ ಕುಲುಮೆ ಕೆಲಸ ಮಾಡುವುದೇ ಸದಾ ಬಿಸಿ ಇದ್ದರೆ. ತಣ್ಣಗಾದರೆ ಮತ್ತೆ ಕಾಯಲು ಗಂಟೆಗಟ್ಟಲೆ ಬೇಕು, ಕರೆಂಟೂ ಜಾಸ್ತಿ. ಪದೇ ಪದೇ ಕಾದು ತಣ್ಣಗಾದರೆ ಒಳಗಿನ ಇಟ್ಟಿಗೆ ಬಿರುಕು ಬಿಡುತ್ತದೆ. ಜನರೇಟರ್ ಇದೆ, ಡೀಸೆಲ್ ಇಲ್ಲ. ಇದ್ದ ಡೀಸೆಲ್ ಎಲ್ಲಿ ಹೋಗುತ್ತೆ ಅಂತ ಮೇಲೆ ಬರೆದಿದ್ದೇವೆ. ಹೊಗೆ ತೊಳೆಯುವ ಸ್ಕ್ರಬ್ಬರ್‌ಗೆ ನೀರೇ ಬರುವುದಿಲ್ಲ. ಹಾಗಾಗಿ ಕುಲುಮೆ ನಡೆಯುತ್ತಿದ್ದ ದಿನಗಳಲ್ಲೂ ಎದುರು ಬೀದಿಯ ಮೂರನೇ ಮಹಡಿಯವರು ಕಿಟಕಿ ತೆಗೆಯುತ್ತಿರಲಿಲ್ಲ.

ಇನ್ನು ಮಣ್ಣು ಮಾಡುವ ವಿಷಯ. ಕರೆಂಟು ಸುಮ್ನೆ ಆಕಾಶದಿಂದ ಇಳಿಯುವುದಿಲ್ಲ, ರಾಯಚೂರಿನಲ್ಲಿ ಕಲ್ಲಿದ್ದಲು ಉರಿಸಿಯೂ ಬರುತ್ತದೆ. ಆದ್ದರಿಂದ ನಮ್ಮಲ್ಲಿ ಹಲವರು ಮಣ್ಣಿಗೇ ಹೋಗುತ್ತೇವೆ ಅಂತಾರೆ. ಇದು ಹೊಸ ಫ್ಯಾಶನ್ ಏನಲ್ಲ. ಲಿಂಗಾಯತರು ಪೆಟ್ಟಿಗೆ ಇಲ್ಲದೆ, ಕೂರಿಸಿ, ವಿಭೂತಿ ಬಿಲ್ವಪತ್ರೆ ಹಾಕಿ ಮಣ್ಣು ಮಾಡುತ್ತಾರೆ. ಮುಸ್ಲಿಮರು ಬಿಳಿ ಬಟ್ಟೆ ಸುತ್ತಿ ಹೂಳುತ್ತಾರೆ. ನಮ್ಮ ಹಳ್ಳಿಗಳಲ್ಲಿ ಹೊಲದ ಬದುವಿನಲ್ಲೇ ಅಜ್ಜ ಅಜ್ಜಿಯರಿದ್ದಾರೆ. ಇಂಗ್ಲೆಂಡಿನ ಕಾರ್ಲೈಲ್ ಊರಿನ ಸ್ಮಶಾನದಲ್ಲಿ 1993ರಲ್ಲಿ ಇದನ್ನೇ ‘ನೈಸರ್ಗಿಕ ಸಮಾಧಿ’ ಅಂತ ಶುರುಮಾಡಿದರು: ರಾಸಾಯನಿಕ ಇಲ್ಲ, ಕಲ್ಲಿಲ್ಲ, ಸಮಾಧಿ ಮೇಲೆ ಒಂದು ಗಿಡ. ಅದನ್ನು ನೋಡಿ ಬರಲು ಯಾರನ್ನೂ ವಿದೇಶಕ್ಕೆ ಕಳಿಸಬೇಡಿ ಅಂತ ಮೊದಲೇ ಕೇಳಿಕೊಳ್ಳುತ್ತೇವೆ. ನಮಗೆ ಇದು ಗೊತ್ತಿದೆ.

ಆದರೆ ನಮ್ಮ ರುದ್ರಭೂಮಿಗೆ ಬಂದು ನೋಡಿ. ಅರ್ಧ ಜಾಗ ಸಿಮೆಂಟು, ಟೈಲ್ಸು, ಗ್ರಾನೈಟು, ಮೇಲೆ ಸ್ಟೀಲ್ ಕಂಬಿ. ನಿಮ್ಮ ಅಧಿಕಾರಿಗಳು ‘ಜನರಿಗೆ ಶೋಕಿ’ ಅಂತಾರೆ. ಶೋಕಿ ಅಲ್ಲ ಸ್ವಾಮಿ, ಭಯ. ಯಾರನ್ನು ಎಲ್ಲಿ ಹೂಳಿದೆ ಅಂತ ಬರೆದಿಡುವ ಒಂದು ರಿಜಿಸ್ಟರ್ ಇಲ್ಲ, ನಕ್ಷೆ ಇಲ್ಲ, ನಂಬರ್ ಇಲ್ಲ. ಮೂರನೇ ದಿನ ಹಾಲು ತುಪ್ಪ ಬಿಡಲು ಬಂದವರು ತಮ್ಮವರ ಗುಂಡಿ ಯಾವುದು ಅಂತ ಹುಡುಕಿದ್ದನ್ನು ನಾವೇ ಕಂಡಿದ್ದೇವೆ. ಪಕ್ಕದಲ್ಲಿ ಹೊಸ ಗುಂಡಿ ತೋಡಿ, ಆ ಮಣ್ಣನ್ನು ಇವರದರ ಮೇಲೆ ಸುರಿದಿದ್ದರು. ಊದುಬತ್ತಿ ಎಲ್ಲಿ ಚುಚ್ಚಬೇಕು ಅಂತ ಗೊತ್ತಾಗದೆ ಆ ಹೆಂಗಸು ಎರಡೂ ಗುಡ್ಡೆಗೆ ಚುಚ್ಚಿ ಹೋದಳು. ಇದನ್ನು ನೋಡಿದ ಮೇಲೆ ಯಾರು ತಾನೇ ಸಾಲ ಮಾಡಿಯಾದರೂ ಸಿಮೆಂಟ್ ಹಾಕಿಸುವುದಿಲ್ಲ? ನೀವು ಒಂದು ಪುಸ್ತಕ ಇಟ್ಟಿದ್ದರೆ ಇಷ್ಟು ಸಿಮೆಂಟ್ ಬೇಕಾಗುತ್ತಲೇ ಇರಲಿಲ್ಲ. ಸಿಮೆಂಟ್ ಹಾಕಿದ ಜಾಗ ಇನ್ನೊಬ್ಬರಿಗೆ ಸಿಗುವುದಿಲ್ಲ, ಮಳೆ ನೀರು ಇಂಗುವುದಿಲ್ಲ. ಬರೀ ಮಣ್ಣಾಗಿದ್ದರೆ ವರ್ಷಗಳು ಕಳೆದ ಮೇಲೆ, ಮನೆಯವರ ಒಪ್ಪಿಗೆ ಪಡೆದು, ಅದೇ ಜಾಗ ಮತ್ತೆ ಬಳಸಬಹುದು. ಜಾಗ ಇಲ್ಲ ಜಾಗ ಇಲ್ಲ ಅಂತ ಪ್ರತಿ ಸಭೆಯಲ್ಲೂ ಹೇಳುವವರು ಇದನ್ನು ಯೋಚಿಸಬೇಕಿತ್ತು ಅಲ್ವಾ?

ಅದಕ್ಕೇ ಕೇಳುತ್ತಿದ್ದೇವೆ: ಮೂಡಲ ಕಡೆಯ ಎತ್ತರದ ಭಾಗವನ್ನು ಬರೀ ಮಣ್ಣಿನ ಸಮಾಧಿಗೆ ಮೀಸಲಿಡಿ. ಕೆರೆ ಕಡೆ ಬೇಡವೇ ಬೇಡ, ಅಲ್ಲಿ ಸ್ವಲ್ಪ ತೋಡಿದರೆ ನೀರು ಬರುತ್ತದೆ. ಹತ್ತಿ ಬಟ್ಟೆ ಇಲ್ಲವೇ ಬಿದಿರಿನ ಚಟ್ಟ, ಅಷ್ಟೇ. ಪಾಲಿಯೆಸ್ಟರ್ ಸೀರೆ, ಪಾಲಿಶ್ ಹೊಡೆದ ಪ್ಲೈವುಡ್ ಪೆಟ್ಟಿಗೆ ಬೇಡ. ಗುರುತಿಗೆ ನಂಬರ್ ಕೆತ್ತಿದ ಒಂದು ಸಣ್ಣ ಕಾಡುಗಲ್ಲು, ಪಕ್ಕದಲ್ಲಿ ಹೊಂಗೆ, ನೇರಳೆ ಅಥವಾ ಬಿಲ್ವ. ಗುಂಡಿ ತೀರಾ ಆಳವೂ ಬೇಡ, ಮೇಲಿನ ಮಣ್ಣಿನಲ್ಲಿ ಗಾಳಿ, ಹುಳು, ಸೂಕ್ಷ್ಮಜೀವಿ ಜಾಸ್ತಿ, ಬೇಗ ಮಣ್ಣಾಗುತ್ತದೆ. ಆದರೆ ಆಳ ಕಡಿಮೆ ಮಾಡಬೇಕಾದರೆ ಮೊದಲು ಬಿದ್ದ ಕಾಂಪೌಂಡ್ ಕಟ್ಟಿಸಿ. ನಾಯಿಗಳು ಒಳಗೆ ಬರುತ್ತಿರುವುದು ಅಲ್ಲಿಂದಲೇ. ಆ ಗೋಡೆಯ ಬಗ್ಗೆ ಕೊಟ್ಟ ಅರ್ಜಿಗಳದ್ದು ಇನ್ನೊಂದು ಕಥೆ, ಬರೆಯಲು ಹೊರಟರೆ ಈ ಪತ್ರ ಮುಗಿಯುವುದಿಲ್ಲ.

ಗಿಡದ ಮಾತು ಬಂತು. ಜೂನ್ 5ಕ್ಕೆ ಇಲ್ಲೇ ಸಸಿ ನೆಟ್ಟು ಫೋಟೋ ತೆಗೆಸಿಕೊಂಡಿರಿ. ನೀರು ಹಾಕುವವರಿಲ್ಲದೆ ಸಸಿಗಳು ಒಣಗಿದವು. ಆವತ್ತು ಕಟ್ಟಿದ ಫ್ಲೆಕ್ಸ್ ಮಾತ್ರ ಈಗಲೂ ಹಚ್ಚಗಿದೆ. ಫ್ಲೆಕ್ಸ್, ಬ್ಯಾನರ್, ಪ್ಲಾಸ್ಟಿಕ್ ತಟ್ಟೆ ಲೋಟ, ಥರ್ಮಕೋಲ್ ಎಲ್ಲವನ್ನೂ ರಾಜ್ಯ ಸರ್ಕಾರ 2016ರ ಮಾರ್ಚ್‌ನಲ್ಲೇ ನಿಷೇಧಿಸಿದೆ. ನಮ್ಮ ಗೇಟಿನಲ್ಲಿ ‘ಭಾವಪೂರ್ಣ ಶ್ರದ್ಧಾಂಜಲಿ’ ಫ್ಲೆಕ್ಸ್ ಇಲ್ಲದ ದಿನವಿಲ್ಲ. ಆಮೇಲೆ ಅವೆಲ್ಲ ಹಾರಗಳ ಪ್ಲಾಸ್ಟಿಕ್ ದಾರದ ಜೊತೆ ಮೂಲೆಯಲ್ಲಿ ಉರಿಯುತ್ತವೆ. ಕಸ ಸುಡಬಾರದು ಅಂತ ಇದೇ ಗೋಡೆ ಮೇಲೆ ನೀವೇ ಬರೆಸಿದ್ದೀರಿ, ಹೊಗೆಗೆ ಅಕ್ಷರವೇ ಕಾಣುತ್ತಿಲ್ಲ. ರಾತ್ರಿ ಕಸದ ಆಟೋಗಳಿಗೂ ಪಾರ್ಕಿಂಗ್ ಇಲ್ಲೇ. ಎರಡು ದೀಪದ ಕಂಬ, ಒಂದೂ ಉರಿಯಲ್ಲ. ಸ್ನಾನಕ್ಕೆ ಇರುವ ನಲ್ಲಿಯಲ್ಲಿ ನೀರಿಲ್ಲ, ಜನ ಮಿನರಲ್ ವಾಟರ್ ಬಾಟಲಿ ಕೊಂಡು ತಲೆಗೆ ಸುರಿದುಕೊಳ್ಳುತ್ತಾರೆ, ಬಾಟಲಿ ಅಲ್ಲೇ ಬಿಸಾಡುತ್ತಾರೆ.

ಬೂದಿಗೂ ಒಂದು ವ್ಯವಸ್ಥೆ ಬೇಕು. ಈಗ ಎಲ್ಲರೂ ಶ್ರೀರಂಗಪಟ್ಟಣಕ್ಕೆ ಕಾರು ಹತ್ತುತ್ತಾರೆ, ಮಡಕೆ, ಬಟ್ಟೆ, ಪ್ಲಾಸ್ಟಿಕ್ ಕವರ್ ಎಲ್ಲ ಕಾವೇರಿಗೆ. ಹೋಗುವವರು ಹೋಗಲಿ, ಅದು ಅವರವರ ನಂಬಿಕೆ. ಇಲ್ಲೇ ಬಿಡಲು ಒಪ್ಪುವವರಿಗೆ ಒಂದು ತೋಟ ಮಾಡಿಕೊಡಿ. ಬೂದಿಯಲ್ಲಿ ಕ್ಷಾರ ಜಾಸ್ತಿ, ನೇರವಾಗಿ ಬುಡಕ್ಕೆ ಸುರಿದರೆ ಗಿಡ ಸಾಯುತ್ತದೆ. ಮಣ್ಣು, ಕಾಂಪೋಸ್ಟ್ ಬೆರೆಸಿ ಹಾಕಬೇಕು. ಕಾಂಪೋಸ್ಟ್ ನಮ್ಮ ಮನೆಗಳಿಂದಲೇ ಕೊಡುತ್ತೇವೆ. 2021ರ ಕೋವಿಡ್ ಎರಡನೇ ಅಲೆಯಲ್ಲಿ ವಾರಸುದಾರರು ಬಾರದ ಚಿತಾಭಸ್ಮವನ್ನು ಸರ್ಕಾರವೇ ಮಂಡ್ಯ ಜಿಲ್ಲೆಯ ಬೆಳಕವಾಡಿಯಲ್ಲಿ ನದಿಗೆ ಬಿಡಬೇಕಾಯಿತು. ಆಮೇಲಾದರೂ ಇದರ ಬಗ್ಗೆ ಯಾರಾದರೂ ಯೋಚಿಸಿರಬಹುದು ಅಂದುಕೊಂಡಿದ್ದೆವು.

ಇನ್ನೊಂದು ಮಾತು. ಆ ಅಲೆಯಲ್ಲಿ ಹಗಲು ರಾತ್ರಿ ನಿಂತು ಹೆಣ ಸುಟ್ಟವರು ಇಲ್ಲಿನ ಕೆಲಸಗಾರರು. ಇವತ್ತಿಗೂ ಅವರಿಗೆ ಗ್ಲೌಸ್ ಇಲ್ಲ, ಸಂಬಳ ತಿಂಗಳು ತಿಂಗಳು ಬರುವುದಿಲ್ಲ. ಕಾಸು ಕೇಳುತ್ತಾರೆ ಅಂತ ಅವರ ಮೇಲೆ ದೂರು ಕೊಡಿ ಅಂತ ನಿಮ್ಮ ಕಚೇರಿಯಲ್ಲೇ ಒಬ್ಬರು ನಮಗೆ ಸಲಹೆ ಕೊಟ್ಟರು. ನಾವು ಕೊಡುವುದಿಲ್ಲ. ಮೊದಲು ಸಂಬಳ ಕೊಡಿ.

ಕುಲುಮೆ, ಸ್ಕ್ರಬ್ಬರ್, ಜನರೇಟರ್ ಮೂರನ್ನೂ ಒಟ್ಟಿಗೆ ಸರಿಮಾಡಿಸಿ. ರಿಪೇರಿ ಆಗುವವರೆಗೆ ಆನ್‌ಲೈನ್ ಬುಕಿಂಗ್‌ನಿಂದ ನಮ್ಮ ಚಿತಾಗಾರದ ಹೆಸರು ತೆಗೆಸಿ, ಹೆಣ ಹೊತ್ತು ಬಂದವರು ವಾಪಸ್ ಹೋಗುವುದಾದರೂ ತಪ್ಪಲಿ. ಸಮಾಧಿ ರಿಜಿಸ್ಟರ್ ನಾಳೆಯೇ ಶುರುವಾಗಬಹುದು, ಅದಕ್ಕೆ ಟೆಂಡರ್ ಬೇಕಿಲ್ಲ. ಪುಸ್ತಕ ನಿಮ್ಮಲ್ಲಿ ಇಲ್ಲದಿದ್ದರೆ ನಾವೇ ತಂದುಕೊಡುತ್ತೇವೆ, ನಕ್ಷೆಯನ್ನೂ ನಮ್ಮ ಬಡಾವಣೆಯ ಹುಡುಗರು ಬರೆದಿಟ್ಟಿದ್ದಾರೆ, ಲಗತ್ತಿಸಿದ್ದೇವೆ. ಯಾವ ಕೆಲಸ ಯಾವ ವಿಭಾಗದ್ದು, ಯಾರು ಹೊಣೆ ಅಂತ ಹೆಸರು ಹಾಕಿ ಲಿಖಿತವಾಗಿ ತಿಳಿಸಿ. ವಾಟ್ಸಾಪ್‌ನಲ್ಲಿ ಕೈ ಮುಗಿಯುವ ಚಿಹ್ನೆ ಕಳಿಸಿದರೆ ಅದನ್ನು ಉತ್ತರ ಅಂತ ಒಪ್ಪುವುದಿಲ್ಲ.

30 ದಿನ ಕಾಯುತ್ತೇವೆ. ಆಮೇಲೆ ಆ ಕಪ್ಪು ಹಲಗೆಯನ್ನು ಬಿಚ್ಚಿಕೊಂಡು ಬಂದು ತಮ್ಮ ಕಚೇರಿಯ ಬಾಗಿಲಿಗೆ ನೇತುಹಾಕಿ ಕೂರುತ್ತೇವೆ. ತಾರೀಖನ್ನು ತಾವೇ ಬರೆಯಬೇಕು, ಪೇಂಟಿನಲ್ಲಿ.

ಇಂತಿ,
ರುದ್ರಭೂಮಿ ಸುತ್ತಲಿನ ಬಡಾವಣೆಗಳ ನಿವಾಸಿಗಳು
(ಸಹಿಗಳು ಹಿಂದಿನ ಪುಟಗಳಲ್ಲಿ)

ಲಗತ್ತು: ಹಳೆಯ ಅರ್ಜಿಗಳ ಸ್ವೀಕೃತಿ ಪ್ರತಿಗಳು, ಮಾಹಿತಿ ಹಕ್ಕಿನ ಒಂದು ಸಾಲಿನ ಉತ್ತರ, ರುದ್ರಭೂಮಿಯ ಕೈನಕ್ಷೆ, ಗೇಟಿನ ಫೋಟೋ.