ಮನಸ್ಸಾಕ್ಷಿಯ ಒಡೆತನ ಯಾರದು?

ಚಿ. ಸುಮುಖನಿಗೆ ನಿನ್ನ ದೊಡ್ಡಪ್ಪ ಮಾಡುವ ಆಶೀರ್ವಾದಗಳು.

ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಪ್ರಬಂಧದ ಕರಡನ್ನು ಎರಡು ಸಲ ಓದಿದೆ. ಹದಿನೇಳನೆಯ ಶತಮಾನದಲ್ಲಿ ಇಂಗ್ಲೆಂಡಿನ ಬಿಷಪ್ಪರ ಕಾಟ ತಾಳದೆ ಅಮೆರಿಕದ ಮ್ಯಾಸಚೂಸೆಟ್ಸಿಗೆ ಹೋದವರೇ ಅಲ್ಲಿ ಭಿನ್ನಮತದವರನ್ನು ಕಾಡಿದರೆಂದು ನೀನು ಪ್ಯೂರಿಟನ್ನರನ್ನು, ಎಂದರೆ ಚರ್ಚನ್ನು ಶುದ್ಧಗೊಳಿಸಹೊರಟ ಆ ಕ್ರೈಸ್ತರನ್ನು, ಮೊದಲ ಪುಟದಲ್ಲೇ ಕಪಟಿಗಳೆಂದು ಕರೆದುಬಿಟ್ಟಿದ್ದೀಯೆ. ನಿನ್ನ ಸಿಟ್ಟು ನ್ಯಾಯವಾದದ್ದೇ; ಆದರೆ ಅವರ ವಾದವನ್ನು ಪೂರ್ತಿ ಕೇಳದೆ ತೀರ್ಪು ಬರೆಯಬಾರದು.

ಮನಸ್ಸಾಕ್ಷಿಯನ್ನು ಅವರು ಹಗುರವಾಗಿ ಕಂಡವರಲ್ಲ. ಅದು ದೇವರಿಗೂ ಮನುಷ್ಯನಿಗೂ ನಡುವೆ ದೇವರೇ ಇಟ್ಟದ್ದೆಂದು ಕೇಂಬ್ರಿಜಿನ ಪ್ಯೂರಿಟನ್ ಬೋಧಕ ವಿಲಿಯಂ ಪರ್ಕಿನ್ಸ್ ಬೋಧಿಸಿದ್ದ. ಮನಸ್ಸಾಕ್ಷಿಗೆ ದೇವರೊಬ್ಬನೇ ಒಡೆಯನೆಂದು 1646ರ ವೆಸ್ಟ್‌ಮಿನ್‌ಸ್ಟರ್ ವಿಶ್ವಾಸಪ್ರಮಾಣ, ಎಂದರೆ ನಂಬಿಕೆಗಳನ್ನು ಅಧ್ಯಾಯಗಳಾಗಿ ಬರೆದಿಟ್ಟ ಹೇಳಿಕೆ, ಸಾರಿತು. ಆದರೆ ಆ ಸ್ವಾತಂತ್ರ್ಯದ ಹೆಸರಿನಲ್ಲಿ ನ್ಯಾಯಬದ್ಧ ಅಧಿಕಾರವನ್ನು ಎದುರಿಸುವವರು ದೇವರ ವಿಧಿಯನ್ನೇ ಎದುರಿಸುತ್ತಾರೆಂದೂ ಅದೇ ಅಧ್ಯಾಯ ಹೇಳುತ್ತದೆ.

ಬಾಸ್ಟನ್ನಿನ ಬೋಧಕ ಜಾನ್ ಕಾಟನ್‌ನ ವಾದವನ್ನು ನೀನು ಒಂದೇ ಸಾಲಿನಲ್ಲಿ ದಾಟಿಸಿದ್ದೀಯೆ. ನಿಲ್ಲಬೇಕಾದ ಜಾಗವೇ ಅದು. ಮನಸ್ಸಾಕ್ಷಿಯ ಕಾರಣಕ್ಕೆ ಯಾರನ್ನೂ ಶಿಕ್ಷಿಸಬಾರದೆಂದು ಅವನೂ ಒಪ್ಪುತ್ತಾನೆ. ಆದರೆ ಬೈಬಲಿನಲ್ಲಿ ತೀತನಿಗೆ ಬರೆದ ಪತ್ರಿಕೆಯ ಮಾತನ್ನು ಹಿಡಿದು, ಮೂಲತತ್ತ್ವಗಳ ವಿಷಯದಲ್ಲಿ ಒಂದೆರಡು ಸಲ ತಿಳಿಯಹೇಳಿದ ಮೇಲೂ ಹಟ ಬಿಡದವನು ತನ್ನ ಮನಸ್ಸಾಕ್ಷಿಗೇ ವಿರೋಧವಾಗಿ ಪಾಪ ಮಾಡುತ್ತಿದ್ದಾನೆ, ಆದ್ದರಿಂದ ಶಿಕ್ಷೆ ಆ ಪಾಪಕ್ಕೇ ಹೊರತು ಮನಸ್ಸಾಕ್ಷಿಗಲ್ಲ ಎನ್ನುತ್ತಾನೆ. ಎದುರಿನವನ ಎದೆಯೊಳಗೆ ಏನಿದೆಯೆಂದು ತಿಳಿಯಹೇಳಿದವನೇ ನಿರ್ಧರಿಸುವ ಏರ್ಪಾಡು ಇದು. ಮೇಷ್ಟರಾಗಿದ್ದಾಗ "ತಪ್ಪೆಂದು ನಿನಗೇ ಗೊತ್ತಿದೆ" ಎಂದು ಎಷ್ಟು ಹುಡುಗರ ಬಾಯಿ ಮುಚ್ಚಿಸಿದ್ದೇನೋ ನಾನು! ಕಾಟನ್‌ನನ್ನು ಓದುವಾಗ ಅದೇ ನೆನಪಾಗುತ್ತದೆ.

1635ರಲ್ಲಿ ಮ್ಯಾಸಚೂಸೆಟ್ಸಿನಿಂದ ಗಡೀಪಾರಿನ ಶಿಕ್ಷೆಗೆ ಗುರಿಯಾಗಿ, ಮರುವರ್ಷ ಪ್ರಾವಿಡೆನ್ಸ್ ಊರನ್ನು ಕಟ್ಟಿದ ರಾಜರ್ ವಿಲಿಯಮ್ಸ್, ಆ ನಿರ್ಧಾರದ ಹಕ್ಕು ಸರ್ಕಾರಕ್ಕೆ ಇರಲೇಕೂಡದೆಂದ. ಅವನನ್ನು ನೀನು ಪ್ಯೂರಿಟನ್ನರ ವಿರೋಧಿಯೆಂದು ಚಿತ್ರಿಸಿದ್ದೀಯೆ. ಅವನು ಅವರಿಗಿಂತ ಕಟ್ಟುನಿಟ್ಟಿನ ಪ್ಯೂರಿಟನ್. ರಾಜ್ಯದ ಕೈ ಸೋಕಿದರೆ ಚರ್ಚು ಮೈಲಿಗೆಯಾಗುತ್ತದೆಂಬುದೇ ಅವನ ಭಯವಾಗಿತ್ತು.

ಪ್ಯೂರಿಟನ್ನನೇ ಆದ ಸ್ಯಾಮ್ಯುಯೆಲ್ ಸ್ಯೂಯಲ್‌ನ ಹೆಸರೇ ನಿನ್ನ ಕರಡಿನಲ್ಲಿಲ್ಲ. 1692ರಲ್ಲಿ ಮ್ಯಾಸಚೂಸೆಟ್ಸಿನ ಸೇಲಂನಲ್ಲಿ ಮಾಟಗಾತಿಯರೆಂದು ಜನರನ್ನು ಗಲ್ಲಿಗೆ ಕಳಿಸಿದ ನ್ಯಾಯಾಧೀಶರಲ್ಲಿ ಅವನೊಬ್ಬ. 1697ರ ಜನವರಿ 14ರ ಉಪವಾಸದ ದಿನ ಬಾಸ್ಟನ್ನಿನ ಚರ್ಚಿನಲ್ಲಿ ತಪ್ಪೊಪ್ಪಿಗೆಯ ಚೀಟಿಯನ್ನು ಬೋಧಕನ ಕೈಗಿತ್ತು, ಅದನ್ನು ಓದುವಷ್ಟು ಹೊತ್ತೂ ಸಭೆಯ ನಡುವೆ ಎದ್ದು ನಿಂತಿದ್ದು, ಓದಿ ಮುಗಿದಾಗ ತಲೆಬಾಗಿದ. ಹಾಗೆ ಮಾಡೆಂದು ಯಾವ ನ್ಯಾಯಾಲಯವೂ ಆಜ್ಞಾಪಿಸಿರಲಿಲ್ಲ. ಅವನಿಗೊಂದು ಪುಟ ಕೊಟ್ಟು, ಆಮೇಲೆ "ಕಪಟಿಗಳು" ಎಂಬ ಮಾತು ಉಳಿಯುತ್ತದೆಯೇ ನೋಡಿ, ಕರಡನ್ನು ಮತ್ತೆ ಕಳಿಸು.

ಇಂತಿ,
ನಿನ್ನ ದೊಡ್ಡಪ್ಪ