ನಕ್ಕಿದ್ದು ಗ್ರೂಪಿನಲ್ಲಿ, ಸಾರಿ ಕೇಳಿದ್ದು ಗುಟ್ಟಾಗಿ

ಮಾನ್ಯ ಸಂಪಾದಕರೇ,

ಮಕ್ಕಳು, ಮೊಬೈಲು ಅಂದ ಕೂಡಲೇ ದೊಡ್ಡವರು ಬರೆಯುವುದು ಎರಡೇ ವಿಷಯ. ಕಣ್ಣು ಹಾಳಾಗುತ್ತದೆ, ಮಾರ್ಕ್ಸ್ ಕಡಿಮೆಯಾಗುತ್ತದೆ. ಇರಬಹುದು. ನಾನು ಹತ್ತನೇ ತರಗತಿಯ ಹುಡುಗಿ. ಮೂರನೆಯ ವಿಷಯವೊಂದಿದೆ, ಅದನ್ನು ನಾನೇ ಮಾಡಿದ್ದೇನೆ, ಅದಕ್ಕೇ ಈ ಪತ್ರ.

ನಮ್ಮ ಕ್ಲಾಸಿಗೆ ಎರಡು ವಾಟ್ಸಾಪ್ ಗ್ರೂಪ್ ಇವೆ. ಒಂದರಲ್ಲಿ ಟೀಚರ್ ಇದ್ದಾರೆ. ಅಲ್ಲಿ ಎಲ್ಲರದೂ 'ಓಕೆ ಮೇಡಂ', 'ಥ್ಯಾಂಕ್ಯೂ ಮೇಡಂ', ಕೈಮುಗಿದ ಇಮೋಜಿ. ಇನ್ನೊಂದರಲ್ಲಿ ನಾವು ಮಾತ್ರ. ಅಲ್ಲಿನ ಭಾಷೆಯೇ ಬೇರೆ. ಕಳೆದ ವರ್ಷ ಆ ಎರಡನೇ ಗ್ರೂಪಿಗೆ ಒಂದು ಸ್ಟಿಕರ್ ಬಂತು. ಟ್ರಿಪ್‌ನಿಂದ ವಾಪಸ್ ಬರುವಾಗ ಬಸ್ಸಿನ ಕಿಟಕಿಗೆ ತಲೆಯಾನಿಸಿ, ಬಾಯಿ ತೆರೆದು ನಿದ್ದೆ ಹೋಗಿದ್ದ ನಮ್ಮದೇ ಕ್ಲಾಸಿನ ಹುಡುಗಿಯ ಫೋಟೋ. ಮುಖದ ಸುತ್ತ ಕತ್ತರಿಸಿ, ಕೆಳಗೊಂದು ಅಡ್ಡಹೆಸರು ಅಂಟಿಸಿದ್ದರು. ಹತ್ತು ನಿಮಿಷದೊಳಗೆ ನಗುವ ಇಮೋಜಿಗಳ ರಾಶಿ. ಅದರಲ್ಲಿ ಒಂದು ನನ್ನದು.

ಸ್ಟಿಕರ್ ಮಾಡಿದ್ದು ನಾನಲ್ಲ, ಕಳಿಸಿದ್ದೂ ನಾನಲ್ಲ, ಸುಮ್ನೆ ಒಂದು ಇಮೋಜಿ ಒತ್ತಿದೆ ಅಷ್ಟೇ ಅಲ್ವಾ ಅಂತ ಬಹಳ ದಿನ ನನಗೆ ನಾನೇ ಹೇಳಿಕೊಂಡೆ. ಆದರೆ ಆ ಇಮೋಜಿಯ ಮೇಲೆ ಬೆರಳಿಟ್ಟರೆ ಯಾರ್ಯಾರು ನಕ್ಕರು ಅಂತ ಹೆಸರುಗಳ ಪಟ್ಟಿಯೇ ತೆರೆದುಕೊಳ್ಳುತ್ತದೆ. ಅವಳು ತೆರೆದು ನೋಡಿದ್ದಳು. ಮೇಲಿನಿಂದ ಕೆಳಗಿನವರೆಗೆ ಒಂದೊಂದೇ ಹೆಸರು ಓದಿದ್ದಳು.

ಮೂರು ದಿನದ ಮೇಲೆ ಅವಳು ಗ್ರೂಪ್ ಬಿಟ್ಟಳು. ನಮಗ್ಯಾರಿಗೂ ಗೊತ್ತೇ ಆಗಲಿಲ್ಲ. ಈಗ ಗ್ರೂಪಿನಿಂದ ಹೊರಗೆ ಹೋದರೆ ಸುದ್ದಿ ಹೋಗುವುದು ಅಡ್ಮಿನ್‌ಗಳಿಗೆ ಮಾತ್ರ. ನಮ್ಮ ಅಡ್ಮಿನ್‌ಗಳು ಮೂವರು, ಮೂವರೂ ಬಾಯಿಬಿಡಲಿಲ್ಲ. ಅಂದಹಾಗೆ, ಗ್ರೂಪಿನಲ್ಲಿ ಯಾರೇ ಹಾಕಿದ್ದನ್ನೂ ಎಲ್ಲರಿಗೂ ಕಾಣದಂತೆ ಅಳಿಸುವ ಅಧಿಕಾರ ಅಡ್ಮಿನ್‌ಗೆ ಇದೆ. ಒಂದು ಸೆಕೆಂಡಿನ ಕೆಲಸ. ಮಾಡಲಿಲ್ಲ, ಯಾಕೆಂದರೆ ಒಬ್ಬ ಅಡ್ಮಿನ್ ಎಲ್ಲರಿಗಿಂತ ಮೊದಲೇ ನಕ್ಕಿದ್ದ.

ಆಮೇಲೆ ಕಳಿಸಿದವನಿಗೆ ಭಯವಾಗಿ 'ಡಿಲೀಟ್ ಫಾರ್ ಎವ್ರಿವನ್' ಮಾಡೋಣ ಅಂತ ಹೋದ. ಅದಕ್ಕೆ ಸಿಗುವ ಸಮಯ ಎರಡು ದಿನಕ್ಕಿಂತ ಸ್ವಲ್ಪ ಜಾಸ್ತಿ, ಅಷ್ಟೇ. ಅದು ಮುಗಿದಿತ್ತು. ಮುಗಿಯದಿದ್ದರೂ ಉಪಯೋಗವಿರಲಿಲ್ಲ ಬಿಡಿ. ಸ್ಟಿಕರನ್ನು ಸೇವ್ ಮಾಡಿಕೊಂಡವರ ಫೋನಿನಲ್ಲಿ ಅದು ಹಾಗೇ ಇರುತ್ತದೆ. ಮುಂದಿನ ವಾರ ಪಕ್ಕದ ಸೆಕ್ಷನ್ ಗ್ರೂಪಿನಲ್ಲಿ ಅದೇ ಮುಖ, ಅದೇ ಅಡ್ಡಹೆಸರು.

ಬಸ್ಸಿನಲ್ಲಿ ಅವಳ ಎದುರಿಗೇ ಕೂತಿದ್ದರೆ ನಾನು ಹಾಗೆ ನಗುತ್ತಿದ್ದೆನಾ? ಇಲ್ಲ. ಅವಳು ಕಣ್ಣು ಬಿಟ್ಟ ಕೂಡಲೇ ಸುಮ್ಮನಾಗುತ್ತಿದ್ದೆ. ಮನಶ್ಶಾಸ್ತ್ರಜ್ಞ ಜಾನ್ ಸುಲರ್ ಇದರ ಬಗ್ಗೆ 2004ರಲ್ಲೇ ಬರೆದಿದ್ದಾರೆ. ಎದುರಿನವರ ಮುಖ ಕಾಣುವುದಿಲ್ಲ, ನಮ್ಮನ್ನೂ ಯಾರೂ ನೋಡುತ್ತಿಲ್ಲ ಅನಿಸುತ್ತದೆ, ಉತ್ತರವನ್ನು ಆ ಕ್ಷಣವೇ ಎದುರಿಸಬೇಕಾಗಿಲ್ಲ, ಹಾಗಾಗಿ ಆನ್‌ಲೈನ್‌ನಲ್ಲಿ ಸಂಕೋಚ ಕಳಚಿಬೀಳುತ್ತದೆ ಅಂತ. ಸಂಕೋಚ ಕಳಚಿದಾಗ ಕೆಟ್ಟದ್ದು ಮಾತ್ರವಲ್ಲ, ಒಳ್ಳೆಯದೂ ಹೊರಗೆ ಬರುತ್ತದೆ ಅಂತಲೂ ಅವರು ಹೇಳಿದ್ದಾರೆ. ಅದು ನಿಜ ಇರಬೇಕು. ಕ್ಲಾಸಿನಲ್ಲಿ ಒಂದು ತಿಂಗಳು ನನ್ನ ಜೊತೆ ಮಾತೇ ಆಡದವಳು ಒಂದು ರಾತ್ರಿ ಮೆಸೇಜ್ ಮಾಡಿದಳು. 'ನೀನೂ ನಕ್ಕಿದ್ದೀಯ. ಲಿಸ್ಟಲ್ಲಿ ನಿನ್ನ ಹೆಸರು ನಾಲ್ಕನೆಯದು.' ಎದುರಿಗೆ ಆಗಿದ್ದರೆ ಅವಳಿಗೆ ಹೇಳಲಾಗುತ್ತಿರಲಿಲ್ಲ. ನಾನೂ ಏನೋ ಒಂದು ನೆಪ ಹೇಳಿ ಜಾರಿಕೊಳ್ಳುತ್ತಿದ್ದೆ.

ನಾನು ಅಲ್ಲೇ ಸಾರಿ ಅಂತ ಬರೆದೆ. ಉದ್ದವಾಗಿಯೇ ಬರೆದೆ. ಅವಳ ಉತ್ತರ ಒಂದೇ ಸಾಲು: 'ಇದನ್ನ ಗ್ರೂಪಲ್ಲಿ ಹಾಕ್ತೀಯಾ?'

ಹಾಕಲು ನನಗೆ ಹನ್ನೊಂದು ದಿನ ಬೇಕಾಯಿತು. ಇದನ್ನೇ ನನ್ನ ವಯಸ್ಸಿನವರಿಗೆ ಹೇಳಬೇಕು ಅನಿಸಿದ್ದು. ಎಲ್ಲರೆದುರು ಅವಮಾನ ಮಾಡಿ ಗುಟ್ಟಾಗಿ ಸಾರಿ ಕೇಳುವುದು ನಮಗೆ ತುಂಬಾ ಸುಲಭ. ಅವಮಾನವನ್ನು ನಲವತ್ತು ಜನ ನೋಡಿರುತ್ತಾರೆ, ಸಾರಿ ಒಬ್ಬಳಿಗೆ ಮಾತ್ರ ಕಾಣುತ್ತದೆ. ಉಳಿದ ಮೂವತ್ತೊಂಬತ್ತು ಜನರ ಮಟ್ಟಿಗೆ ಅದು ಇನ್ನೂ ತಮಾಷೆಯೇ. ಕೊನೆಗೆ 'ಆ ಸ್ಟಿಕರಿಗೆ ನಾನು ನಕ್ಕಿದ್ದು ತಪ್ಪು, ಇಟ್ಟುಕೊಂಡಿರುವವರು ದಯವಿಟ್ಟು ತೆಗೆಯಿರಿ' ಅಂತ ಗ್ರೂಪಿನಲ್ಲಿ ಹಾಕಿದೆ. ಇಬ್ಬರು ಹೃದಯ ಒತ್ತಿದರು. ಒಬ್ಬ 'ಓವರ್ ಆಯ್ತು' ಅಂದ. ಮತ್ತೊಬ್ಬ ಗಣಿತದ ಹೋಮ್‌ವರ್ಕ್ ಕೇಳಿದ. ಅಷ್ಟೇ, ಆಕಾಶವೇನೂ ಕಳಚಿಬೀಳಲಿಲ್ಲ.

ದೊಡ್ಡವರಿಗೂ ಒಂದು ಮಾತಿದೆ. ನೀವು ಫ್ಯಾಮಿಲಿ ಗ್ರೂಪುಗಳಲ್ಲಿ ಎರಡು ಬಾಣದ ಗುರುತಿರುವ, ಅಂದರೆ ಈಗಾಗಲೇ ಎಷ್ಟೋ ಕೈ ದಾಟಿ ಬಂದಿರುವ ಮೆಸೇಜುಗಳನ್ನು ಓದದೆಯೇ ಫಾರ್ವರ್ಡ್ ಮಾಡುವುದನ್ನು ನಾವು ನೋಡುತ್ತಿರುತ್ತೇವೆ. ಅದಿರಲಿ. ಅವಳು ಮನೆಯಲ್ಲಿ ಇದನ್ನು ಹೇಳಿರಲಿಲ್ಲ. ಯಾಕೆ ಅಂತ ಕೇಳಿದರೆ 'ಹೇಳಿದ್ರೆ ಮೊದ್ಲು ನನ್ನ ಫೋನ್ ಕಿತ್ಕೋತಾರೆ' ಅಂದಳು. ತಪ್ಪು ಮಾಡಿದವನ ಕೈಯಲ್ಲಿ ಫೋನ್, ನೋವು ತಿಂದವಳ ಕೈ ಖಾಲಿ! ಮಕ್ಕಳು ಇಂಥದ್ದನ್ನು ಹೇಳಿಕೊಂಡು ಬಂದರೆ ಫೋನಿಗೆ ಕೈ ಹಾಕುವ ಮುಂಚೆ ಪೂರ್ತಿ ಕೇಳಿ. ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಂಡು ಆಮೇಲೆ ಬ್ಲಾಕ್ ಮಾಡಿಸಿ. ಆತುರದಲ್ಲಿ ಎಲ್ಲ ಅಳಿಸಿಬಿಟ್ಟರೆ ಶಾಲೆಗೆ ತೋರಿಸಲು ಏನೂ ಉಳಿಯುವುದಿಲ್ಲ.

ನನ್ನ ಹೆಸರು ಹಾಕಬೇಡಿ. ಹಾಕಿದರೆ ಅವಳು ಯಾರು ಅಂತ ಗೊತ್ತಾಗಿಬಿಡುತ್ತದೆ. ಕಳಿಸುವ ಮೊದಲು ಈ ಪತ್ರವನ್ನು ಅವಳಿಗೆ ತೋರಿಸಿದೆ. ಅಡ್ಡಹೆಸರು ಏನೆಂದು ಬರೆದಿದ್ದ ಸಾಲನ್ನು ಅವಳೇ ಹೊಡೆದುಹಾಕಿದಳು. ಉಳಿದದ್ದು ಇರಲಿ ಅಂದಳು.

– ಹತ್ತನೇ ತರಗತಿಯ ಒಬ್ಬ ವಿದ್ಯಾರ್ಥಿನಿ