ಆರ್ಟ್ಸ್ ಕೇಳಿದ ಮಕ್ಕಳನ್ನು ಹೀಗಳೆಯಬೇಡಿ

ಮಾನ್ಯರೇ,

ಅಡ್ಮಿಷನ್ ಕಾಲ ಬಂದರೆ ನಮ್ಮ ಅಂಗಡಿಯಲ್ಲಿ ದಿನವೂ ಒಂದು ಮಾತು ಕಿವಿಗೆ ಬೀಳುತ್ತದೆ. ‘ಆರ್ಟ್ಸಾ? ಯಾಕೆ, ಮಾರ್ಕ್ಸ್ ಕಮ್ಮಿ ಬಂತಾ?’ ಹಾಸನದಲ್ಲಿ ಕಾಲೇಜೊಂದರ ಎದುರು ನನ್ನದು ಜೆರಾಕ್ಸ್ ಮತ್ತು ಆನ್‌ಲೈನ್ ಅರ್ಜಿ ಹಾಕುವ ಅಂಗಡಿ. ನಾನೂ ಬಿ.ಎ. ಓದಿದವಳು. ಕೇಳಿ ಕೇಳಿ ಬೇಸರವಾಗಿ ಈ ಪತ್ರ ಬರೆಯುತ್ತಿದ್ದೇನೆ.

ಮೊನ್ನೆ ಅರಕಲಗೂಡು ಕಡೆಯ ಹುಡುಗಿಯೊಬ್ಬಳು ಬಂದಿದ್ದಳು. ಎಸ್ಸೆಸ್ಸೆಲ್ಸಿಯಲ್ಲಿ ಒಳ್ಳೇ ಅಂಕ. ಇತಿಹಾಸ, ಅರ್ಥಶಾಸ್ತ್ರ, ಐಚ್ಛಿಕ ಕನ್ನಡ ತಗೋಬೇಕು ಅಂತ ಆಸೆ. ಜೊತೆಗಿದ್ದ ಸೋದರಮಾವ ಎಲ್ಲರ ಎದುರೇ ‘ಅದರಿಂದ ಹೊಟ್ಟೆ ತುಂಬಲ್ಲ, ಸುಮ್ನೆ ಸೈನ್ಸ್ ತಗೋ’ ಅಂತ ಗದರಿದರು. ಅವಳು ಅಂಕಪಟ್ಟಿಯ ಪ್ಲಾಸ್ಟಿಕ್ ಕವರನ್ನು ಮಡಚುತ್ತಾ, ಬಿಡಿಸುತ್ತಾ ನಿಂತಳು. ಮಾವ ಹೇಳಿದ ಅರ್ಜಿಯೇ ಹೋಯಿತು.

ಹೊಟ್ಟೆ ತುಂಬಲ್ವಾ? ನಾನು ತುಂಬುವ ಅರ್ಜಿಗಳನ್ನೇ ನೋಡಿ. ರಾಜ್ಯದ ಆಡಳಿತ ಸೇವೆ ಕೆಎಎಸ್‌ಗೆ ಯಾವುದೇ ಪದವಿ ಸಾಕು, ಎಫ್‌ಡಿಎಗೂ (ಪ್ರಥಮ ದರ್ಜೆ ಸಹಾಯಕರ ಹುದ್ದೆ) ಅಷ್ಟೇ. ಎಂಜಿನಿಯರಿಂಗ್ ಮುಗಿಸಿದವರೂ ಇವಕ್ಕೆ ಅರ್ಜಿ ಹಾಕಲು ಬರುತ್ತಾರೆ. ಆಮೇಲೆ ಸಂವಿಧಾನ, ಕರ್ನಾಟಕದ ಇತಿಹಾಸ ಅಂತ ಮೊದಲಿಂದ ಓದಲು ಕೂರುತ್ತಾರೆ. ಬಿ.ಎ. ಮಕ್ಕಳು ಅದನ್ನೇ ಮೂರು ವರ್ಷ ಓದಿರುತ್ತಾರೆ ಅಲ್ವಾ? ಯುಪಿಎಸ್‌ಸಿ ಮುಖ್ಯ ಪರೀಕ್ಷೆಯ 1750 ಅಂಕಗಳಲ್ಲಿ 500 ಐಚ್ಛಿಕ ವಿಷಯದ್ದು. ಕನ್ನಡ ಸಾಹಿತ್ಯವನ್ನೂ ಅದಕ್ಕೆ ಆರಿಸಿಕೊಳ್ಳಬಹುದು. ಬಿ.ಎಡ್. ಮಾಡಿ ಶಿಕ್ಷಕರ ಅರ್ಹತಾ ಪರೀಕ್ಷೆ ಟಿಇಟಿ ಪಾಸಾದರೆ ಮೇಷ್ಟ್ರಾಗಬಹುದು. ಮೂರು ವರ್ಷದ ಎಲ್ಎಲ್‌ಬಿ ಇದೆ, ಸಮಾಜಕಾರ್ಯದ ಎಂಎಸ್‌ಡಬ್ಲ್ಯು ಇದೆ. ಎಂ.ಎ. ಮಾಡಿ ರಾಜ್ಯದ ಅರ್ಹತಾ ಪರೀಕ್ಷೆ ಕೆ-ಸೆಟ್ ಪಾಸಾದರೆ ಉಪನ್ಯಾಸಕರಾಗುವ ದಾರಿ ಇದೆ. ನೇಮಕಾತಿ ನಿಧಾನ, ಪೈಪೋಟಿ ಜಾಸ್ತಿ, ನಿಜ. ಆದರೆ ಆ ಕಷ್ಟ ಎಲ್ಲ ಡಿಗ್ರಿಯವರಿಗೂ ಇದೆ.

ನನಗೆ ಜಾಸ್ತಿ ಸಂಕಟವಾಗುವುದು ಇನ್ನೊಂದು ವಿಷಯಕ್ಕೆ. ಇತಿಹಾಸ, ಕನ್ನಡ ಓದಲು ನಮ್ಮ ಜಿಲ್ಲೆಗಿಂತ ಒಳ್ಳೇ ಜಾಗ ಎಲ್ಲಿದೆ? ಕನ್ನಡದ ಅತ್ಯಂತ ಹಳೆಯ ಶಾಸನಗಳಲ್ಲೊಂದಾದ, ಸುಮಾರು ಕ್ರಿ.ಶ. 450ರದು ಎನ್ನುವ ಹಲ್ಮಿಡಿ ಶಾಸನ ಸಿಕ್ಕಿದ್ದು ಬೇಲೂರು ತಾಲ್ಲೂಕಿನಲ್ಲಿ. ಶಾಸನತಜ್ಞ ಬಿ.ಎಲ್. ರೈಸ್ ನೂರು ವರ್ಷಗಳಿಗೂ ಹಿಂದೆ ಹಾಸನ ಜಿಲ್ಲೆಯ ಶಾಸನಗಳಿಗೆಂದೇ ದಪ್ಪನೆಯ ಸಂಪುಟ ತಂದರು. ನಮ್ಮ ಬೇಲೂರು, ಹಳೇಬೀಡು, ಮೈಸೂರು ಜಿಲ್ಲೆಯ ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋ ಪಟ್ಟಿ ಸೇರಿದವು. ಬೇಲೂರು ದೇವಾಲಯದ ಮದನಿಕೆ ಶಿಲ್ಪಗಳ ಕೆಳಗೆ ಕಣ್ಣಿಟ್ಟು ನೋಡಿ. ಬಳ್ಳಿಗಾವೆಯ ಶಿಲ್ಪಿ ದಾಸೋಜ, ಅವನ ಮಗ ಚಾವಣ ತಮ್ಮ ಹೆಸರು ಕೊರೆದಿದ್ದಾರೆ, ಹಳಗನ್ನಡ ಲಿಪಿಯಲ್ಲಿ. ಒಂಬೈನೂರು ವರ್ಷದ ಆ ಅಕ್ಷರಗಳನ್ನು ಓದಬಲ್ಲ ಬಿ.ಎ. ಪದವೀಧರರು ನಮ್ಮಲ್ಲಿ ಎಷ್ಟು ಜನ ಸಿಗುತ್ತಾರೆ? ಪುರಾತತ್ವ ಸರ್ವೇಕ್ಷಣೆಯ ಶಾಸನ ವಿಭಾಗ ಪಕ್ಕದ ಮೈಸೂರಿನಲ್ಲೇ ಇದೆ. ಮ್ಯೂಸಿಯಂ, ಪ್ರವಾಸೋದ್ಯಮ, ಸಂಶೋಧನೆ ಎಲ್ಲದಕ್ಕೂ ಓದಬಲ್ಲವರು ಬೇಕು.

ಕಾಲೇಜುಗಳಿಗೂ ಒಂದು ಮಾತು ಹೇಳಲೇಬೇಕು. ಗೈಡ್ ಉರು ಹೊಡೆಸಿ, ನೋಟ್ಸ್ ಬರೆಸಿ ಬಿ.ಎ. ಮುಗಿಸಿದರೆ ಪ್ರಯೋಜನವಿಲ್ಲ. ಕೊನೇ ವರ್ಷದ ಮಕ್ಕಳು ನನ್ನ ಹತ್ತಿರ ಬಂದು ‘ಅಕ್ಕ, ಒಂದು ಲೆಟರ್ ಬರ್ಕೊಡಿ’ ಅನ್ನುತ್ತಾರೆ. ಬುದ್ಧಿ ಇಲ್ಲದ ಮಕ್ಕಳಲ್ಲ ಅವರು, ಅವರ ಕೈಯಲ್ಲಿ ಯಾರೂ ಬರೆಸಿಲ್ಲ, ಅಷ್ಟೇ. ಹಳಗನ್ನಡ ಲಿಪಿ ಓದುವುದು, ಇಂಗ್ಲಿಷ್‌ನಿಂದ ಕನ್ನಡಕ್ಕೆ ಅನುವಾದ ಮಾಡುವುದು, ತಪ್ಪಿಲ್ಲದೆ ಯುನಿಕೋಡ್‌ನಲ್ಲಿ ಟೈಪ್ ಮಾಡುವುದು, ಇವನ್ನು ಜಿಲ್ಲೆಯ ಪದವಿ ಕಾಲೇಜುಗಳು ಕಲಿಸಲಿ. ವರ್ಷಕ್ಕೊಮ್ಮೆ ಫೋಟೋ ಹೊಡೆದುಕೊಂಡು ಬರುವ ಟೂರ್ ಬೇಡ. ಮೇಷ್ಟ್ರು ಜೊತೆಗೆ ನಿಂತು ಒಂದು ಶಾಸನವನ್ನು ಸಾಲು ಸಾಲಾಗಿ ಓದಿಸಲಿ.

ಮಕ್ಕಳು ಕಮ್ಮಿ ಅಂತ ಐಚ್ಛಿಕ ಕನ್ನಡ, ಇತಿಹಾಸ ಇರುವ ಕಾಂಬಿನೇಷನ್ ನಿಲ್ಲಿಸುವ ಮೊದಲು ಆಡಳಿತ ಮಂಡಳಿಯವರು ಯೋಚಿಸಲಿ. ಅಡ್ಮಿಷನ್ ದಿನ ಒಬ್ಬ ಉಪನ್ಯಾಸಕರನ್ನು ಕೂರಿಸಿ ಈ ದಾರಿಗಳನ್ನೆಲ್ಲ ಅಪ್ಪ ಅಮ್ಮಂದಿರಿಗೆ, ಸೋದರಮಾವಂದಿರಿಗೂ, ಬಿಡಿಸಿ ಹೇಳಿಸಲಿ. ಮುಂದಿನ ವರ್ಷ ಅಂಥ ಹುಡುಗಿ ಬಂದರೆ ಅವಳು ಕೇಳಿದ ಅರ್ಜಿಯನ್ನೇ ತುಂಬುವ ಹಾಗಾಗಲಿ.

ಇತಿ,
ಜೆರಾಕ್ಸ್ ಅಂಗಡಿ ನಡೆಸುವ, ನಿಮ್ಮ ಓದುಗರಲ್ಲೊಬ್ಬಳು,
ಹಾಸನ